ಅನ್ನ ಧಾರಾಳ ಇರುವ ಊರಲ್ಲಿ ಹತ್ತು ರೂಪಾಯಿ

ಎಲ್ಲರಿಗೂ ನಮಸ್ಕಾರ. ವೇದಿಕೆಯಲ್ಲಿರುವ ಹಿರಿಯರ ಹೆಸರೆಲ್ಲ ಸ್ವಾಗತ ಭಾಷಣದಲ್ಲೇ ಬಂದಾಗಿದೆ. ಮತ್ತೆ ಹೇಳುತ್ತಾ ಕೂತರೆ ನನಗೆ ಕೊಟ್ಟ ನಲವತ್ತು ನಿಮಿಷದಲ್ಲಿ ಕಾಲು ಭಾಗ ಅಲ್ಲಿಗೇ ಸಂದಾಯ. ನೇರ ವಿಷಯಕ್ಕೆ ಬರುತ್ತೇನೆ.

ಉಡುಪಿಯ ರಥಬೀದಿಗೆ ಬರುವ ದಾರಿಗಳಲ್ಲಿ, ಸರ್ವಿಸ್ ಬಸ್ ನಿಲ್ದಾಣದ ಹತ್ತಿರ ‘ಭಿಕ್ಷೆ ನೀಡಬೇಡಿ’ ಎಂಬ ಫಲಕ ಹಾಕಿಸಬೇಕೆಂದು ನಿಮ್ಮಲ್ಲಿ ಚರ್ಚೆ ಆಗಿದೆ. ಕರಡನ್ನು ಓದಿದೆ. ‘ಹಣ ಕೊಡಬೇಡಿ, ಬೇಕಾದರೆ ಊಟ ಕೊಡಿಸಿ’ ಅಂತ ಉಂಟು. ಕೇಳಲು ಬಹಳ ಸಭ್ಯವಾದ ಮಾತು. ಆದರೆ ನಮ್ಮ ಊರಿನ ಮಟ್ಟಿಗೆ ಅದು ತಲೆಕೆಳಗು. ಯಾಕೆ ಎಂದು ಹೇಳುವುದೇ ಇವತ್ತಿನ ನನ್ನ ಕೆಲಸ.

ಉಡುಪಿಯಲ್ಲಿ, ಮಂಗಳೂರಿನಲ್ಲಿ ಬೇಡಿ ಬದುಕುವವರಿಗೆ ಅನ್ನದ ಕೊರತೆ ಇಲ್ಲ. ಕೃಷ್ಣಮಠದ ಭೋಜನಶಾಲೆ ಇಲ್ಲೇ ಪಕ್ಕದಲ್ಲಿದೆ. ಈ ಕರಾವಳಿಯಲ್ಲಿ ಅನ್ನದಾನ ಇಲ್ಲದ ದೊಡ್ಡ ದೇವಸ್ಥಾನ ತೋರಿಸಿ ನೋಡುವ. ಅದರ ಮೇಲೆ ದೇವಸ್ಥಾನದ ಬ್ರಹ್ಮಕಲಶ, ದೈವದ ನೇಮ, ಮದುವೆ ಹಾಲ್, ಚರ್ಚಿನ ಸಾಂತ್‌ಮಾರಿ ಹಬ್ಬ, ರಂಜಾನ್ ತಿಂಗಳ ಇಫ್ತಾರ್. ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಹಾಗಾಗಿ ರಸ್ತೆ ಬದಿಯಲ್ಲಿ ಕೂತ ಮನುಷ್ಯನಿಗೆ ಮಧ್ಯಾಹ್ನ ಒಂದು ಗಂಟೆಗೆ ಮೂರು ಪೊಟ್ಟಣ ಬಿರಿಯಾನಿ ಬಂದು ಬೀಳುತ್ತದೆ. ರಾತ್ರಿ ಹತ್ತಕ್ಕೆ ಮಳೆಯಲ್ಲಿ ಒದ್ದೆಯಾದ ಲುಂಗಿ ಬದಲಿಸಲು ಒಣಗಿದ ಇನ್ನೊಂದು ಲುಂಗಿ ಇರುವುದಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಡಿ ಜಗಲಿಯಲ್ಲಿ ಮಲಗುವವನ ಕಾಲ್ಬೆರಳಿನ ಸಂದು ನೋಡಿ, ಗೊತ್ತಾಗುತ್ತದೆ.

ಅವನಿಗೆ ಕಡಿಮೆ ಬಿದ್ದಿರುವುದು ಎರಡು. ಕೈಯಲ್ಲಿ ಸ್ವಲ್ಪ ನಗದು, ಹೆಸರಿಗೊಂದು ಕಾಗದ. ಈ ಎರಡನ್ನು ನಾನು ಇವತ್ತು ನಾಲ್ಕೈದು ಸಲ ಹೇಳುತ್ತೇನೆ, ಬೇಜಾರು ಮಾಡಬೇಡಿ.

ನಗದು ಎಂಥಕ್ಕೆ? ಪೇ ಅಂಡ್ ಯೂಸ್ ಶೌಚಾಲಯಕ್ಕೆ, ಅದೇ ಕಡೆ ಸ್ನಾನಕ್ಕೆ. ಸ್ನಾನ ಮಾಡದವನನ್ನು ಆಸ್ಪತ್ರೆಯ ಹೊರರೋಗಿ ಸಾಲಿನಲ್ಲಿ ಅಕ್ಕಪಕ್ಕದವರೇ ನಿಲ್ಲಲು ಬಿಡುವುದಿಲ್ಲ. ಆಮೇಲೆ ಸೋಪಿಗೆ, ಬ್ಲೇಡಿಗೆ, ನೋವಿನ ಮಾತ್ರೆಗೆ, ಹೆಂಗಸರಾದರೆ ಪ್ಯಾಡಿಗೆ. ವೆನ್ಲಾಕಿಗೋ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೋ ಹೋಗುವ ಬಸ್ಸಿಗೆ. ಮೊಬೈಲ್ ರೀಚಾರ್ಜಿಗೆ. ನಗಬೇಡಿ, ಆಧಾರ್‌ನ ಒಟಿಪಿ ಬರುವುದು ಮೊಬೈಲಿಗೇ. ಸಿಮ್ ಸತ್ತರೆ ಪಿಂಚಣಿಯ ದಾರಿಯೂ ಅರ್ಧ ಸತ್ತ ಹಾಗೆ. ಇದರಲ್ಲಿ ಯಾವುದನ್ನೂ ನೀವು ಪೊಟ್ಟಣ ಕಟ್ಟಿ ಕೊಡಲು ಆಗುವುದಿಲ್ಲ.

ಊಟ ಕೊಡುವುದು ತಪ್ಪು ಅಂತಲ್ಲ, ಆದರೆ ಹೇಗೆ ಕೆಡುತ್ತದೆ ಎಂದು ಗೊತ್ತಿರಲಿ. ಮದುವೆ ಹಾಲಿನಿಂದ ಮೂರೂವರೆಗೆ ಫೋನು ಬರುತ್ತದೆ, ‘ಐವತ್ತು ಜನರ ಊಟ ಉಳಿದಿದೆ, ತೆಗೆದುಕೊಂಡು ಹೋಗಿ.’ ಬೆಳಿಗ್ಗೆ ಎಂಟಕ್ಕೆ ತೆಂಗಿನಕಾಯಿ ಅರೆದು ಮಾಡಿದ ಪದಾರ್ಥ. ನಮ್ಮ ಸೆಕೆಗೆ ಬಿಸಿ ಆರಿದ ಮೇಲೆ ನಾಲ್ಕು ಗಂಟೆಯೇ ಹೆಚ್ಚು. ಹಂಚುವಾಗ ಐದೂವರೆ, ಅವನು ತಿನ್ನುವಾಗ ಎಂಟು. ರಾತ್ರಿಯಿಡೀ ಭೇದಿ, ಶೌಚಾಲಯಕ್ಕೆ ಬೀಗ. ಸಕ್ಕರೆ ಕಾಯಿಲೆ ಇದ್ದು ಕಾಲಿನಲ್ಲಿ ವಾಸಿಯಾಗದ ಗಾಯ ಇರುವವರಿಗೆ ಹೋಳಿಗೆ ಕೊಡುವವರೂ ಇದ್ದಾರೆ, ಪುಣ್ಯಕ್ಕೆ. ಹಲವು ದಿನ ಹೊಟ್ಟೆಗಿಲ್ಲದೆ ಬಿದ್ದವರಿಗೆ ಒಮ್ಮೆಲೇ ಹೊಟ್ಟೆ ತುಂಬಾ ತಿನ್ನಿಸಿದರೆ ಜೀವಕ್ಕೇ ಅಪಾಯ. ಅಂಥವರಿಗೆ ಉಪ್ಪು ಹಾಕಿದ ಗಂಜಿತಿಳಿ, ಸ್ವಲ್ಪ ಸ್ವಲ್ಪ, ಆಮೇಲೆ ಆಸ್ಪತ್ರೆ. ಕೊಡಲೇಬೇಕು ಅನ್ನಿಸಿದರೆ ಬಾಳೆಹಣ್ಣು, ಬನ್ನು. ಹಲ್ಲಿಲ್ಲದ ಮುದುಕರಿಗೆ ಕುಚ್ಚಲಕ್ಕಿ ಗಂಜಿಯಷ್ಟು ಹಿತ ಬೇರೆ ಯಾವುದೂ ಇಲ್ಲ, ಆದರೆ ಗಂಜಿ ಹಂಚುವ ಫೋಟೋ ಫೇಸ್‌ಬುಕ್ಕಿನಲ್ಲಿ ಚೆನ್ನಾಗಿ ಬರುವುದಿಲ್ಲ.

ಈಗ ಕಾನೂನು. ಫಲಕದ ಕೆಳಗೆ ‘ಭಿಕ್ಷಾಟನೆ ಶಿಕ್ಷಾರ್ಹ ಅಪರಾಧ’ ಅಂತ ಸಣ್ಣ ಅಕ್ಷರದಲ್ಲಿ ಹಾಕಿದ್ದೀರಿ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ 1975ರದು. ಈ ಕಾಯ್ದೆ ಹಿಡಿಯುವುದು ಕೈ ಚಾಚಿದವರನ್ನು, ಕೊಟ್ಟವರನ್ನಲ್ಲ. ಹಿಡಿದವರನ್ನು ಇಡಲು ನಿರಾಶ್ರಿತರ ಪರಿಹಾರ ಕೇಂದ್ರಗಳಿವೆ, ಮಂಗಳೂರಿನದು ಪಚ್ಚನಾಡಿಯಲ್ಲಿ. ಇದಕ್ಕೆ ದುಡ್ಡು ಎಲ್ಲಿಂದ? ನಿಮ್ಮಿಂದಲೇ. ಮನೆಗೆ ಹೋಗಿ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ಆರೋಗ್ಯ ಉಪಕರ ಶೇ. 15, ಗ್ರಂಥಾಲಯ ಉಪಕರ ಶೇ. 6, ಅದರ ಕೆಳಗೆ ಭಿಕ್ಷುಕರ ಉಪಕರ ಶೇ. 3. ಐದು ಸಾವಿರ ತೆರಿಗೆ ಕಟ್ಟುವವರು 150 ರೂಪಾಯಿ ಭಿಕ್ಷೆ ಆಗಲೇ ಕೊಟ್ಟಾಗಿದೆ. ‘ನಾನು ಭಿಕ್ಷೆ ಹಾಕುವವನೇ ಅಲ್ಲ’ ಎಂದು ಎದೆ ತಟ್ಟಿ ಹೇಳುವವರು ಈ ಸಭೆಯಲ್ಲಿ ಇರಬಹುದು. ಸ್ವಂತ ಮನೆ ಇದ್ದರೆ ಆ ಮಾತು ಸುಳ್ಳು. ಆ ಹಣ ಸ್ಥಳೀಯ ಸಂಸ್ಥೆಯಿಂದ ಈ ಕೇಂದ್ರಗಳನ್ನು ನಡೆಸುವ ಪರಿಹಾರ ಸಮಿತಿಗೆ ಪೂರ್ತಿ, ಸಮಯಕ್ಕೆ ಸರಿಯಾಗಿ ಹೋಯಿತೇ ಎಂದು ಕೇಳುವ ಹಕ್ಕು ನಿಮಗುಂಟು. ಬಾಕಿ ಉಳಿಸಿಕೊಳ್ಳುವುದು ನಮ್ಮ ರಾಜ್ಯದಲ್ಲಿ ಹಳೆಯ ಕಾಯಿಲೆ. ಫಲಕಕ್ಕೆ ಖರ್ಚು ಮಾಡುವ ಬದಲು ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ, ಶುಲ್ಕ ಹತ್ತೇ ರೂಪಾಯಿ.

ಕೇಂದ್ರಕ್ಕೆ ಸೇರಿಸಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. 2010ರ ಆಗಸ್ಟ್‌ನಲ್ಲಿ ಬೆಂಗಳೂರು ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಸಾಲು ಸಾಲಾಗಿ ಸಾವು ಸಂಭವಿಸಿದ್ದು ನೆನಪಿರಬಹುದು. ಆಗ ಸಮಾಜ ಕಲ್ಯಾಣ ಸಚಿವರ ಖಾತೆಯೇ ಹೋಯಿತು. ಹಿಡಿದು ತುಂಬುವ ವ್ಯವಸ್ಥೆ ಅಲ್ಲಿಗೆ ಹೋಗಿ ಮುಟ್ಟುತ್ತದೆ. ದೆಹಲಿ ಹೈಕೋರ್ಟ್ 2018ರ ಆಗಸ್ಟ್‌ನಲ್ಲಿ ಅಲ್ಲಿ ಜಾರಿಯಲ್ಲಿದ್ದ 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆಯ ಮುಖ್ಯ ಸೆಕ್ಷನ್‌ಗಳನ್ನು ಹೊಡೆದು ಹಾಕಿತು. ಆ ಕಾಯ್ದೆಯಲ್ಲಿ ಹಾಡುವುದು, ಕುಣಿಯುವುದು, ಕಣಿ ಹೇಳುವುದೂ ಭಿಕ್ಷಾಟನೆಯೇ. ನಮ್ಮಲ್ಲಿ ಅಂಥದ್ದನ್ನು ಅಕ್ಷರಕ್ಕೆ ಅಕ್ಷರ ನಡೆಸಿದರೆ ನವರಾತ್ರಿಯ ಹುಲಿವೇಷದವರನ್ನೆಲ್ಲ ಬ್ಯಾಂಡ್ ಸಮೇತ ವ್ಯಾನಿಗೆ ಹತ್ತಿಸಬೇಕಾದೀತು, ಆಟಿ ತಿಂಗಳಲ್ಲಿ ಮನೆಮನೆಗೆ ಬಂದು ಕುಣಿಯುವ ಕಳಂಜನಿಗೂ ಜಾಮೀನು ಹುಡುಕಬೇಕು. ಅಷ್ಟಮಿಗೆ ವೇಷ ಹಾಕಿ ಡಬ್ಬಿ ಹಿಡಿದವರಿಗೆ ನೂರರ ನೋಟು ಹಾಕುತ್ತೇವೆ, ವೇಷ ಇಲ್ಲದೆ ಕೈ ಹಿಡಿದವರನ್ನು ಗದರಿಸುತ್ತೇವೆ. ಇರಲಿ. 2021ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಭಿಕ್ಷುಕರನ್ನು ರಸ್ತೆಯಿಂದ ತೆರವು ಮಾಡಿಸಿ ಎಂಬ ಕೋರಿಕೆ ಹೋದಾಗ, ಇದು ಬಡತನದ ಸಮಸ್ಯೆ, ಉಳ್ಳವರ ಕಣ್ಣಿನಿಂದ ನೋಡಲಾಗದು ಎಂಬ ಅರ್ಥದಲ್ಲಿ ನ್ಯಾಯಪೀಠ ಅದನ್ನು ಒಪ್ಪಲಿಲ್ಲ. ಇತ್ತ ಇಂದೋರ್‌ನಲ್ಲಿ 2025ರ ಜನವರಿ 1ರಿಂದ ಕೊಟ್ಟವರ ಮೇಲೂ ಎಫ್‌ಐಆರ್ ಎಂದು ಜಿಲ್ಲಾಡಳಿತ ಘೋಷಿಸಿತು. ಒಂದೇ ದೇಶ ಸ್ವಾಮಿ.

ಈಗ ಗಂಗೊಳ್ಳಿಯ ಅಜ್ಜಿಯ ಕಥೆಗೆ ಬರುತ್ತೇನೆ. ನಿಮಗೆಲ್ಲ ಗೊತ್ತಿರುವುದೇ. ಆದರೂ ಹೇಳುತ್ತೇನೆ, ಯಾಕೆಂದರೆ ಎಲ್ಲ ಸಭೆಯಲ್ಲೂ ಈ ಕಥೆಯನ್ನು ತಪ್ಪಾಗಿ ಹೇಳುತ್ತಾರೆ ಎಂದು ನನ್ನ ತಕರಾರು.

ಕುಂದಾಪುರ ತಾಲೂಕಿನ ಗಂಗೊಳ್ಳಿ ಕಡೆಯ, 80ರ ಆಸುಪಾಸಿನ ಅಜ್ಜಿ. ಗಂಡ ತೀರಿಹೋದ ಮೇಲೆ ಸಾಲಿಗ್ರಾಮದ ದೇವಸ್ಥಾನದ ಹತ್ತಿರ ಭಿಕ್ಷೆ ಬೇಡಿ ಬದುಕಿದವರು. 2022ರಲ್ಲಿ ಪೊಳಲಿ ರಾಜರಾಜೇಶ್ವರಿ ದೇವಸ್ಥಾನದ ಅನ್ನದಾನಕ್ಕೆ 1 ಲಕ್ಷ ರೂಪಾಯಿ ಕೊಟ್ಟರು. ಅದಕ್ಕೂ ಮೊದಲು ಬೇರೆ ದೇವಸ್ಥಾನಗಳಿಗೂ ಕೊಟ್ಟಿದ್ದರು. ಪತ್ರಿಕೆಗಳಲ್ಲಿ ಫೋಟೋ ಬಂತು, ವಾಟ್ಸಾಪಿನಲ್ಲಿ ಇವತ್ತಿಗೂ ಸುತ್ತುತ್ತಿದೆ. ಕೇಳಿದವರಲ್ಲಿ ಎರಡು ಪಕ್ಷ. ಒಂದು ಪಕ್ಷ, ‘ನೋಡಿದಿರಾ, ಭಿಕ್ಷುಕರ ಹತ್ತಿರ ನಮಗಿಂತ ದುಡ್ಡು ಉಂಟು.’ ಇನ್ನೊಂದು ಪಕ್ಷ ಕೈ ಮುಗಿಯುತ್ತದೆ. ಕೈ ಮುಗಿಯಲಿ, ಮುಗಿಯಬೇಕಾದ್ದೇ. ಆದರೆ ಲೆಕ್ಕ ಯಾರೂ ಮಾಡುವುದಿಲ್ಲ.

ಲೆಕ್ಕ ಮಾಡುವ. ದಿನಕ್ಕೆ 100 ರೂಪಾಯಿ ಉಳಿಸಿದರೆ ಒಂದು ಲಕ್ಷಕ್ಕೆ ಸಾವಿರ ದಿನ, ಮೂರು ವರ್ಷಕ್ಕೆ ಸ್ವಲ್ಪ ಕಡಿಮೆ. ಪವಾಡವೇನೂ ಅಲ್ಲ. ಕ್ಷೇತ್ರದ ಬಾಗಿಲಲ್ಲಿ ದಿನಕ್ಕೆ ನೂರು ಉಳಿಯಲು ಸಾಧ್ಯ ಆಗುವುದು ಊಟಕ್ಕೆ ಖರ್ಚು ಇಲ್ಲದಿದ್ದರೆ ಮಾತ್ರ. ಇಲ್ಲಿ ಊಟಕ್ಕೆ ಖರ್ಚು ಇಲ್ಲ. ನನ್ನ ಮೊದಲ ಮಾತು ಅದೇ ಅಲ್ವಾ? ಹಾಗೆ ಉಳಿದ ನಗದನ್ನು ಆ ಅಜ್ಜಿ ಏನು ಕುಡಿದು ಹಾಳು ಮಾಡಿದರಾ? ಕೂಡಿಟ್ಟರು. ಈ ಜಿಲ್ಲೆಯ ಮಣ್ಣಿನಲ್ಲೇ ಅದು ಉಂಟು. 1928ರಲ್ಲಿ ಇದೇ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಠೇವಣಿ ಶುರು ಮಾಡಿದ್ದು, ದಿನಕ್ಕೆ ಎರಡಾಣೆಯಿಂದ. ಮೀನು ಮಾರುವ ಹೆಂಗಸಿನ ಬುಟ್ಟಿಯ ಹತ್ತಿರ, ಬೀಡಿ ಕಟ್ಟುವವಳ ಮನೆ ಬಾಗಿಲಿಗೆ ಏಜೆಂಟ್ ಹೋಗಿ ಎರಡಾಣೆಗೆ ಚೀಟಿ ಕೊಟ್ಟು ಬರುತ್ತಿದ್ದ. ಆಗಲೂ ಕೇಳಿದವರಿದ್ದರು, ಇಷ್ಟು ಚಿಲ್ಲರೆಗೆ ಬ್ಯಾಂಕು ಯಾಕೆ ಅಂತ. ಸಣ್ಣ ದುಡ್ಡು ದೊಡ್ಡದಾಗಬೇಕಾದರೆ ಮೂರು ಬೇಕು. ದಿನಾ ಬರಬೇಕು, ಇಡಲು ಜಾಗ ಬೇಕು, ಇಟ್ಟವರ ಹೆಸರು ಒಂದು ಪುಸ್ತಕದಲ್ಲಿ ಇರಬೇಕು.

ಈಗ ನನ್ನ ತಕರಾರು. ಆ ಲಕ್ಷ ರೂಪಾಯಿ ಹೋದದ್ದು ಎಲ್ಲಿಗೆ? ಅನ್ನದಾನಕ್ಕೆ. ಅಂದರೆ ಕರಾವಳಿಯಲ್ಲಿ ಯಾವುದು ಎಲ್ಲಕ್ಕಿಂತ ಧಾರಾಳ ಉಂಟೋ ಅದಕ್ಕೆ. ನಾವು ಒಂದೇ ಬಗೆಯ ದಾನವನ್ನು ಎಷ್ಟು ಹೊಗಳಿದ್ದೇವೆ ಎಂದರೆ, ಬೇಡಿ ಉಂಡವರೂ ಉಳಿಸಿದ್ದನ್ನು ಅದೇ ಹಂಡೆಗೆ ಹಾಕುತ್ತಾರೆ. ಅಜ್ಜಿಯನ್ನು ನಾನು ದೂರುತ್ತಿಲ್ಲ, ತಪ್ಪು ತಿಳಿಯಬೇಡಿ. ಅದು ಅವರ ಹಣ, ಅವರ ಇಷ್ಟ. ಆ ‘ಅವರ ಹಣ, ಅವರ ಇಷ್ಟ’ ಎಂಬ ಮಾತನ್ನು ನಾವು ದೇವಸ್ಥಾನಕ್ಕೆ ಕೊಟ್ಟ ಅಜ್ಜಿಗೆ ಖುಷಿಯಿಂದ ಹೇಳುತ್ತೇವೆ. ಬಸ್ ನಿಲ್ದಾಣದ ಹಿಂದೆ ಕೂತು ಬೀಡಿ ಸೇದುವ ಅಜ್ಜನಿಗೂ ಹೇಳಬೇಕೋ ಬೇಡವೋ?

ಕುಡಿತದ ಪ್ರಶ್ನೆ ಬಂತು. ಬಂದೇ ಬರುತ್ತದೆ. ‘ಕೊಟ್ಟ ಹತ್ತು ರೂಪಾಯಿ ಸೀದಾ ವೈನ್‌ಶಾಪಿಗೆ ಹೋಗುತ್ತದೆ.’ ಕೆಲವರದ್ದು ಹೋಗುತ್ತದೆ, ಹೌದು. ಎಲ್ಲರದ್ದೂ ಹೋಗುತ್ತದೆ ಎನ್ನಲು ಆಧಾರ ಇಲ್ಲ. ಬಡವರಿಗೆ ನೇರ ನಗದು ಕೊಟ್ಟ ಯೋಜನೆಗಳ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ಆದ ಅಧ್ಯಯನಗಳನ್ನು ವಿಶ್ವಬ್ಯಾಂಕಿನ ಸಂಶೋಧಕರು 2014ರಲ್ಲಿ ಒಟ್ಟು ಮಾಡಿ ನೋಡಿದರು. ಹೆಂಡ, ತಂಬಾಕಿನ ಖರ್ಚು ಒಟ್ಟಾರೆ ಹೆಚ್ಚಿದ್ದು ಕಾಣಲಿಲ್ಲ. ಕೆನಡಾದ ವ್ಯಾಂಕೂವರ್‌ನಲ್ಲಿ ಮನೆಯಿಲ್ಲದ 50 ಜನರಿಗೆ ತಲಾ 7,500 ಡಾಲರ್ ಒಂದೇ ಸಲ, ಷರತ್ತಿಲ್ಲದೆ ಕೊಟ್ಟರು. ಅವರು ಬೀದಿಯಲ್ಲಿ ಕಳೆದ ದಿನಗಳು ಕಡಿಮೆಯಾದವು, ಕುಡಿತದ ಖರ್ಚು ಏರಲಿಲ್ಲ. ಆದರೆ ಇದನ್ನು ಹೇಳುವವರು ಒಂದು ವಿಷಯ ಬಿಟ್ಟು ಹೇಳುತ್ತಾರೆ: ತೀವ್ರ ವ್ಯಸನ, ತೀವ್ರ ಮಾನಸಿಕ ಕಾಯಿಲೆ ಇದ್ದವರನ್ನು ಆ ಪ್ರಯೋಗಕ್ಕೆ ಸೇರಿಸಿಕೊಂಡಿರಲಿಲ್ಲ. ಹಾಗಾಗಿ ಅದನ್ನು ಎಲ್ಲರಿಗೂ ಹೊಲಿದ ಅಂಗಿ ಮಾಡಬಾರದು. ನಮ್ಮ ದೇಶದಲ್ಲೂ 2011ರ ಹೊತ್ತಿಗೆ ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ ‘ಸೇವಾ’ (SEWA) ಎಂಬ ಮಹಿಳಾ ಸಂಘಟನೆ ಯುನಿಸೆಫ್ ನೆರವಿನಿಂದ ಪ್ರತಿ ವಯಸ್ಕರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳ ಹೆಸರಿಗೆ 100 ರೂಪಾಯಿ ಕೊಟ್ಟು ನೋಡಿತು. ಆಮೇಲೆ 300, 150ಕ್ಕೆ ಏರಿಸಿತು. ಅಲ್ಲೂ ಊರು ಕುಡಿದು ಮಲಗಲಿಲ್ಲ.

ನಿಜವಾಗಿ ಕುಡಿತಕ್ಕೆ ಬಿದ್ದವನ ವಿಷಯವೇ ಬೇರೆ. ಅಂಥವನಿಗೆ ಹಣ ಕೊಡದೆ ನೀವು ಕುಡಿತ ಬಿಡಿಸಿದಿರಿ ಎಂದುಕೊಳ್ಳಿ. ವರ್ಷಗಟ್ಟಲೆ ದಿನಾ ಕುಡಿಯುತ್ತಿದ್ದವನು ದಿಢೀರ್ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನಕ್ಕೆ ಮೈನಡುಕ, ಬೆವರು, ಇಲ್ಲದ್ದು ಕಾಣುವುದು, ಸನ್ನಿ. ಜೀವ ಹೋಗುವುದೂ ಉಂಟು. ರಸ್ತೆ ಬದಿಯಲ್ಲಿ ನಡುಗುತ್ತಾ ಬಿದ್ದವನನ್ನು ನೋಡಿ ‘ಕುಡಿದಿದ್ದಾನೆ’ ಎಂದು ದಾಟಿ ಹೋಗುತ್ತೇವಲ್ಲ, ಎಷ್ಟೋ ಸಲ ಅವನು ಕುಡಿಯದ್ದಕ್ಕೇ ಬಿದ್ದಿರುತ್ತಾನೆ. 108ಕ್ಕೆ ಫೋನ್ ಮಾಡಿ, ‘ಕುಡುಕ’ ಅನ್ನಬೇಡಿ, ‘ಫಿಟ್ಸ್ ಬಂದಿದೆ, ಪ್ರಜ್ಞೆ ಸರಿಯಿಲ್ಲ’ ಅನ್ನಿ.

ಮಕ್ಕಳ ವಿಷಯದಲ್ಲಿ ನನ್ನದು ಕಡ್ಡಿ ಮುರಿದ ಹಾಗೆ ಒಂದೇ ಮಾತು. ಮಗುವಿನ ಕೈಗೆ ಹಣ ಬೇಡ. ಒಂದು ರೂಪಾಯಿಯೂ ಬೇಡ. ಇಲ್ಲಿ ಫಲಕ ಹಾಕುವುದಾದರೆ ನಾನೇ ಸುತ್ತಿಗೆ ಹಿಡಿಯುತ್ತೇನೆ. ದೊಡ್ಡವರಿಗಿಂತ ಮಗುವಿಗೆ ಹೆಚ್ಚು ಬೀಳುತ್ತದೆ ಎಂಬ ಕಾರಣಕ್ಕೇ ಅದನ್ನು ಅಲ್ಲಿ ನಿಲ್ಲಿಸಿರುವುದು. ಬಿದ್ದಷ್ಟು ದಿನ ಶಾಲೆ ದುಬಾರಿ ಆಗುತ್ತಾ ಹೋಗುತ್ತದೆ. ಮಗುವನ್ನು ಭಿಕ್ಷೆಗೆ ಹಚ್ಚಿದವರಿಗೆ 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 76ರಲ್ಲಿ 5 ವರ್ಷದವರೆಗೆ ಸಜೆ, 1 ಲಕ್ಷ ದಂಡ. ಅಪಹರಿಸಿ ಹಚ್ಚಿದ್ದರೆ ಭಾರತೀಯ ನ್ಯಾಯ ಸಂಹಿತೆಯ 139ರಲ್ಲಿ ಕನಿಷ್ಠ 10 ವರ್ಷ, ಅಂಗ ಊನ ಮಾಡಿದ್ದರೆ ಕನಿಷ್ಠ 20 ವರ್ಷ.

ಮಾಡಬೇಕಾದ್ದು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ. ಆದರೆ ‘ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಮಗು ಇದೆ’ ಎಂದರೆ ಬಂದವರಿಗೆ ಏನೂ ಸಿಗುವುದಿಲ್ಲ. ಯಾವ ಅಂಗಡಿಯ ಎದುರು, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಸುಮಾರು ಎಷ್ಟು ವಯಸ್ಸು, ಯಾವ ಬಣ್ಣದ ಬಟ್ಟೆ, ಹಣ ತೆಗೆದುಕೊಂಡು ಹೋಗಿ ಯಾರಿಗೆ ಕೊಡುತ್ತದೆ. ಐದು ನಿಮಿಷ ದೂರ ನಿಂತು ನೋಡಿದರೆ ಕೊನೆಯದ್ದು ಗೊತ್ತಾಗುತ್ತದೆ, ಮುಖ್ಯವಾದ್ದೂ ಅದೇ. ಫೋಟೋ ತೆಗೆದು ಗ್ರೂಪಿಗೆ ಹಾಕಬೇಡಿ. ಮಗುವಿನ ಗುರುತು ಬಹಿರಂಗ ಮಾಡಿದರೆ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74ರಲ್ಲಿ ನಿಮ್ಮ ಮೇಲೇ ಕೇಸು. ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ತಾಯಿಯೇ ಜೊತೆಗಿದ್ದರೆ ಕಿತ್ತುಕೊಂಡು ಹೋಗುವುದು ಸಮಿತಿಯ ಕೆಲಸ ಅಲ್ಲ, ಅವಳಿಗೆ ದಾರಿ ಮಾಡಿಕೊಡುವುದೂ ಅದರಲ್ಲಿ ಸೇರಿದೆ. ಇನ್ನು ಕಂಕುಳಲ್ಲಿ ಕೂಸು ಇಟ್ಟುಕೊಂಡು, ‘ಹಣ ಬೇಡ ಅಣ್ಣಾ, ಹಾಲಿನ ಪುಡಿ ತೆಗೆಸಿಕೊಡಿ’ ಅಂತ ಮೆಡಿಕಲ್ ಎದುರು ನಿಲ್ಲುವವರು. ಡಬ್ಬಿ ತೆಗೆಸಿಕೊಟ್ಟರೆ ಸೀಲ್ ಒಡೆದು ಕೊಡಿ. ಒಡೆಯದ ಡಬ್ಬಿ ಅರ್ಧ ಬೆಲೆಗೆ ಅದೇ ಕಪಾಟಿಗೆ ವಾಪಸ್ ಹೋಗುತ್ತದೆ. ‘ಒಡೆಯಬೇಡಿ’ ಎಂದರೆ ನಿಮಗೆ ಉತ್ತರ ಸಿಕ್ಕಿತು.

ನಿಜವಾಗಿ ತೀರಾ ಕಷ್ಟದಲ್ಲಿರುವವರು ಕೈ ಚಾಚುವುದೇ ಇಲ್ಲ. ಇದನ್ನು ಸ್ವಲ್ಪ ಗಮನಿಸಿ. ಸೆಕೆಯಲ್ಲೂ ಮೂರು ಅಂಗಿ ಒಂದರ ಮೇಲೊಂದು, ಜಡೆ ಕಟ್ಟಿದ ಕೂದಲು, ಚೀಲದ ತುಂಬಾ ಕಾಗದ, ಬಾಟಲಿ. ತನ್ನಷ್ಟಕ್ಕೆ ಮಾತಾಡುತ್ತಾ ಇಂದ್ರಾಳಿ ರೈಲು ನಿಲ್ದಾಣದಿಂದ ನಡೆದು ಬರುತ್ತಾನೆ. ಹಣ ಕೊಟ್ಟರೆ ನೋಡುವುದಿಲ್ಲ, ನೋಟನ್ನು ಚೀಲದ ಕಾಗದದ ಜೊತೆ ಸೇರಿಸುತ್ತಾನೆ. ಇವನು ಭಿಕ್ಷುಕನೇ ಅಲ್ಲ, ಕಾಯಿಲೆಯ ಮನುಷ್ಯ, ಮನೆ ತಪ್ಪಿದವನು. ಕೊಂಕಣ ರೈಲು ಬಂದ ಮೇಲೆ ಎಲ್ಲೆಲ್ಲಿಯದೋ ಮಾತಾಡುವವರು ಇಲ್ಲಿ ಇಳಿಯುತ್ತಾರೆ. ನಮ್ಮವರ ಹಳೆಯ ಮದ್ದು ಏನು? ಇನ್ನೊಂದು ರೈಲಿಗೆ ಹತ್ತಿಸುವುದು. ಆಚೆಯ ಊರಿನವರೂ ಅದನ್ನೇ ಮಾಡಿರುತ್ತಾರೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 100 ಸ್ಪಷ್ಟ. ಹೀಗೆ ಅಲೆಯುವವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. 112ಕ್ಕೆ ಫೋನ್ ಮಾಡಿ ಸೆಕ್ಷನ್ ನಂಬರ್ ಹೇಳಿ, ಮಾತಿನ ಧಾಟಿಯೇ ಬದಲಾಗುತ್ತದೆ. ಆಮೇಲಿನ ಆರೈಕೆಗೆ ಮಂಗಳೂರಿನ ವೈಟ್ ಡವ್ಸ್, ಮಂಜೇಶ್ವರದ ಸ್ನೇಹಾಲಯ, ಶಂಕರಪುರದ ವಿಶ್ವಾಸದ ಮನೆ ಇವೆ. ಮದ್ದು ಹಿಡಿದು ಕೆಲವು ವಾರ ಆದ ಮೇಲೆ ಊರು ಪತ್ತೆ ಮಾಡುವುದು ಒಂದು ವಿದ್ಯೆ. ‘ನಿಮ್ಮ ಜಿಲ್ಲೆ ಯಾವುದು’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಸಂತೆ ಯಾವ ವಾರ, ಸಂತೆಗೆ ಹೋಗುವುದು ನಡೆದುಕೊಂಡೋ ಬಸ್ಸಿನಲ್ಲೋ, ಹತ್ತಿರದ ರೈಲ್ವೆ ಸ್ಟೇಷನ್ ಯಾವುದು, ಊರ ದೇವರ ಹೆಸರೇನು. ಸಂತೆಯ ಹೆಸರು ಬಂತೆಂದರೆ ಠಾಣೆಯ ಹೆಸರು ಸಿಕ್ಕ ಹಾಗೆ.

ಚೀಟಿ ಬಂತು, ಹತ್ತು ನಿಮಿಷ ಉಂಟಂತೆ. ಕಾಗದದ ವಿಷಯ ಹೇಳದೆ ಇಳಿಯುವುದಿಲ್ಲ. ಚಿಕಿತ್ಸೆಗೆಂದು ಡಬ್ಬಿ ಹಿಡಿದು ಬರುವವರ ವಿಷಯ ಒಂದೇ ವಾಕ್ಯದಲ್ಲಿ: ಒಳರೋಗಿ ನಂಬರ್ ಕೇಳಿ, ಆಸ್ಪತ್ರೆಯ ಖಾತೆಗೇ ಕಟ್ಟಿ, ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ ಎಂಬುದನ್ನು ಡಬ್ಬಿ ಹಿಡಿದವರಿಗೂ ಹೇಳಿ. ಕುಷ್ಠದ ಬಗ್ಗೆ ಇನ್ನೊಂದು: ಬೆರಳಿಲ್ಲದ ಕೈ ಕಂಡು ನಾಣ್ಯವನ್ನು ಮೇಲಿನಿಂದ ಎಸೆಯಬೇಡಿ. ಆರು ತಿಂಗಳಿಂದ ಒಂದು ವರ್ಷದ ಮಾತ್ರೆಯಲ್ಲಿ ಕಾಯಿಲೆ ಗುಣ ಆಗಿರುತ್ತದೆ, ಉಳಿದಿರುವುದು ಊನ ಮಾತ್ರ. ಶಾಸ್ತಾನ, ಹೆಜಮಾಡಿ ಟೋಲ್ ಹತ್ತಿರ ಕಾರು ನಿಧಾನಿಸಿ ಕಿಟಕಿಯಿಂದ ಕೊಡಬೇಡಿ, ಹಿಂದಿನ ಲಾರಿಗೆ ನಿಮ್ಮ ಪುಣ್ಯ ಕಾಣುವುದಿಲ್ಲ.

ಎಷ್ಟು ಕೊಡಬೇಕು? ಮನೆಯಲ್ಲೇ ತೀರ್ಮಾನಿಸಿ, ರಸ್ತೆಯಲ್ಲಿ ಅಲ್ಲ. ತಿಂಗಳಿಗೆ 400 ರೂಪಾಯಿ ಎಂದಿಟ್ಟುಕೊಳ್ಳಿ. ನಲವತ್ತು ಜನರಿಗೆ ಹತ್ತು ಹತ್ತು ಕೊಟ್ಟರೆ ಯಾರ ಹೆಸರೂ ಗೊತ್ತಾಗುವುದಿಲ್ಲ. ನಿಮ್ಮ ದಾರಿಯಲ್ಲಿ ದಿನಾ ಕಾಣುವ ಒಬ್ಬರಿಗೆ, ದೊಡ್ಡವರಿಗೆ, ವಾರಕ್ಕೆ ನೂರು. ಕೈಗೆ ಕೊಡಿ, ಎಂಥಕ್ಕೆ ಎಂದು ಕೇಳಬೇಡಿ. ಮೂರನೆಯ ವಾರಕ್ಕೆ ಅವರೇ ಹೇಳುತ್ತಾರೆ, ಕಾಲು ನೋವು, ಮಗನ ಊರು, ಕಳೆದುಹೋದ ರೇಷನ್ ಕಾರ್ಡು. ಆ ಕಾರ್ಡಿನ ಮಾತು ಬಂದಾಗ ನಿಮ್ಮ ಅಸಲು ಕೆಲಸ ಶುರು. ಚಿಲ್ಲರೆ ಇಲ್ಲ ಎನ್ನುವ ಸಬೂಬು ಈಗ ನಿಜವೂ ಆಗಿದೆ, ಎಲ್ಲರೂ ಫೋನಿನಲ್ಲೇ ಪಾವತಿ. ನೂರರ ನೋಟು ನಾಲ್ಕು ತೆಗೆದಿಡಿ.

65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ, ಅಂದರೆ ದಿನಕ್ಕೆ 40, ವರ್ಷಕ್ಕೆ 14,400. ಅರ್ಜಿ ನಾಡಕಚೇರಿಯಲ್ಲಿ. ಬೇಕಾದ್ದು ಆಧಾರ್, ಬ್ಯಾಂಕ್ ಖಾತೆ, ವಿಳಾಸ. ಮೂರೂ ಇಲ್ಲದವನು ಬೀದಿಯಲ್ಲಿರುವುದು. ಮೊದಲು ಆಧಾರ್. ಹೊಸದಾಗಿ ಮಾಡಿಸಲು ಹೋದರೆ ಎಷ್ಟೋ ಸಲ ತಿರಸ್ಕೃತ ಆಗುತ್ತದೆ, ಯಾಕೆಂದರೆ ಹಿಂದೆ ಎಲ್ಲೋ ಒಂದು ಮಾಡಿಸಿರುತ್ತಾರೆ. ಆದ್ದರಿಂದ ಆಧಾರ್ ಸೇವಾ ಕೇಂದ್ರದಲ್ಲಿ ಮೊದಲು ಬೆರಳಚ್ಚು ಕೊಟ್ಟು ಹಳೆಯದು ಸಿಗುತ್ತದೆಯೇ ನೋಡಿ. ಕಲ್ಲು ಹೊತ್ತು, ಬಲೆ ಎಳೆದು ಬೆರಳಿನ ಗೆರೆ ಸವೆದಿದ್ದರೆ ಕಣ್ಣಿನ ಪಾಪೆ ಹಿಡಿಯುತ್ತದೆ. ಎರಡೂ ಆಗದವರಿಗೆ ಬಯೋಮೆಟ್ರಿಕ್ ವಿನಾಯಿತಿ ಎಂಬ ಅವಕಾಶ ಉಂಟು, ಕೌಂಟರಿನಲ್ಲಿ ಅವರಾಗಿ ಹೇಳುವುದಿಲ್ಲ, ನೀವು ಕೇಳಬೇಕು. ಖಾತೆಗೆ ದಾಖಲೆ ಇಲ್ಲದಿದ್ದರೆ ‘ಸಣ್ಣ ಖಾತೆ’ ತೆರೆಯಿರಿ ಎನ್ನಿ. ಫೋಟೋ, ಹೆಬ್ಬೆಟ್ಟು ಸಾಕು. ಖಾತೆಯಲ್ಲಿ ಉಳಿಕೆ 50 ಸಾವಿರ, ವರ್ಷಕ್ಕೆ ಜಮಾ 1 ಲಕ್ಷ, ತಿಂಗಳಿಗೆ ತೆಗೆಯುವುದು 10 ಸಾವಿರ ಮೀರಬಾರದು; 12 ತಿಂಗಳೊಳಗೆ ದಾಖಲೆಗೆ ಅರ್ಜಿ ಹಾಕಿದ್ದು ತೋರಿಸಬೇಕು. ಮತದಾರರ ಪಟ್ಟಿಗೆ ನಮೂನೆ 6. ಮನೆ ಇಲ್ಲದವರು ಮಲಗುವ ಜಾಗವನ್ನೇ ವಿಳಾಸ ಎಂದು ಬರೆಯಬಹುದು, ಮತಗಟ್ಟೆ ಮಟ್ಟದ ಅಧಿಕಾರಿ ಅಂದರೆ ಬಿಎಲ್‌ಒ ರಾತ್ರಿ ಹೊತ್ತು ಬಂದು ಅಲ್ಲೇ ಮಲಗುತ್ತಾರಾ ನೋಡುತ್ತಾರೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನೆರಡು ವಿಷಯ ಬರೆದು ತಂದಿದ್ದೆ, ರಾತ್ರಿ ಆಶ್ರಯ ಕೇಂದ್ರ ಮತ್ತು ಭಿಕ್ಷುಕರ ಪುನರ್ವಸತಿಗೆ ಕೇಂದ್ರ ಸರ್ಕಾರದ ಸ್ಮೈಲ್ ಯೋಜನೆ, ಅವನ್ನು ಬಿಡುತ್ತೇನೆ. ಲಕ್ಷ ಜನಸಂಖ್ಯೆಗೆ ನೂರು ಜನ ಮಲಗುವಂಥ ಒಂದು ಆಶ್ರಯ ಎಂಬ ನಿಯಮ ಇದೆ, ಅಷ್ಟು ನೆನಪಿಟ್ಟುಕೊಳ್ಳಿ.

ಬಾಗಿಲ ಹತ್ತಿರದ ಮೇಜಿನಲ್ಲಿ ಆಧಾರ್‌ನ ಪ್ರಮಾಣಪತ್ರದ ನಮೂನೆ ಇಟ್ಟಿದ್ದೇನೆ. ಯಾವ ದಾಖಲೆಯೂ ಇಲ್ಲದವರಿಗೆ ಗೆಜೆಟೆಡ್ ಅಧಿಕಾರಿಯೋ ಶಾಸಕರೋ ಆಶ್ರಯ ಕೇಂದ್ರದ ಮುಖ್ಯಸ್ಥರೋ ಇದನ್ನು ತುಂಬಿ ಕೊಡಬಹುದು. ಮೂರು ತಿಂಗಳು ಮಾತ್ರ ಚಾಲ್ತಿ, ದಿನಾಂಕ ನೋಡಿಕೊಂಡು ಹೋಗಿ. ಸಹಿ ಮತ್ತು ಮೊಹರು ಅರ್ಧ ಫೋಟೋದ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕು. ಮೊಹರು ಬದಿಗೆ ಬಿದ್ದರೆ ವಾಪಸ್ ಕಳಿಸುತ್ತಾರೆ. ಹೆಸರು ಅಳಿಸಿ ತಿದ್ದಿದರೂ ವಾಪಸ್. ಒಬ್ಬರಿಗೆ ಎರಡು ಪ್ರತಿ ತೆಗೆದುಕೊಳ್ಳಿ, ಒಂದು ಹಾಳಾಗುವುದು ಖಂಡಿತ. ನಮಸ್ಕಾರ.